ಜೇನುಪಾರೆಯ ಅಡ್ಡಕೋಲು

"ಗಂಡ ಹೋದ ಅವ್ವ. ಈಗ ಅಣ್ಣನೂ ಹೋಗ್ತಾನೆ. ಒಬ್ಬನ್ನಾದ್ರೂ ಉಳಿಸಿಕೊಡಿ."

ಶೀಜ ಹೊಸ್ತಿಲಿನ ಹೊರಗೇ ಕುಸಿದಿದ್ದಳು. ಒಳಗೆ ಬಾ ಎಂದರೂ ಬರಲಿಲ್ಲ, ಚಾಪೆ ಹಾಸಿದರೂ ಅದರ ಮೇಲೆ ಕೂರಲಿಲ್ಲ. ಅತ್ತೂ ಅತ್ತೂ ದನಿ ಬತ್ತಿಹೋಗಿತ್ತು. ಸಿದ್ದೇಶ್ ಕೈಯಲ್ಲಿದ್ದ ಕಾಫಿ ಲೋಟವನ್ನು ಎಲ್ಲಿಡುವುದೆಂದು ತಿಳಿಯದೆ ಸುಮ್ಮನೆ ಹಿಡಿದುಕೊಂಡೇ ನಿಂತ. ಅವನು ಬಂದದ್ದು ಕಾಫಿಗೆ. ಆದರೆ ಚೆಲುವತ್ತೆಯ ಮನೆಗೆ ಕಾಫಿಗೆಂದು ಬಂದವನು ಬರೀ ಕಾಫಿ ಕುಡಿದು ಹೋದದ್ದು ಇದುವರೆಗೆ ನಡೆದಿರಲಿಲ್ಲ. ಹೊರಗೆ ನಿಂತಿದ್ದ ಅವನ ಜೀಪನ್ನು ಅತ್ತೆ ಒಮ್ಮೆ ನೋಡಿದಾಗಲೇ ಇವತ್ತಿನ ಬಾಡಿಗೆ ಕೈತಪ್ಪಿತೆಂದು ಅವನಿಗೆ ಗೊತ್ತಾಯಿತು.

ಚೆಲುವಮ್ಮ ಬತ್ತೇರಿಯ ಕೋರ್ಟಿನಲ್ಲಿ ಆಯುಷ್ಯವೆಲ್ಲ ದುಭಾಷಿಯಾಗಿದ್ದವರು. ಕಾಡಿನವರೂ ಗಡಿಯವರೂ ತಮ್ಮ ಕನ್ನಡದಲ್ಲಿ ಹೇಳಿದ್ದನ್ನು ಮಲಯಾಳಕ್ಕೆ ತಂದು ನ್ಯಾಯಾಧೀಶರ ಮುಂದಿಡುವ ಕೆಲಸ. ಅಷ್ಟು ವರ್ಷ ಎರಡು ಭಾಷೆಯ ಸುಳ್ಳು ಕೇಳಿದವರಿಗೆ ನಿಜ ಯಾವುದೆಂದು ವಾಸನೆಗೇ ತಿಳಿಯುತ್ತದೆ ಎಂದು ಪೊನ್ಕುಳಿಯ ಜನ ನಂಬಿದ್ದರು. ನಿವೃತ್ತಿಯಾಗಿ ಇಲ್ಲಿ ದೇವಸ್ಥಾನದ ಹತ್ತಿರ ಮನೆ ಮಾಡಿದ ಮೇಲೆ, ಊರಲ್ಲಿ ಏನೇ ನಡೆದರೂ ಜನ ಠಾಣೆಗಿಂತ ಮೊದಲು ಇವರ ಬಾಗಿಲಿಗೇ ಬರುತ್ತಿದ್ದರು.

"ಮೊದಲು ನೀರು ಕುಡಿ. ಆಮೇಲೆ ಮೊದಲಿಂದ ಹೇಳು," ಎಂದರು ಅತ್ತೆ.

ಶೀಜ ಹೇಳಿದಳು. ಅವಳ ಗಂಡ ಬಾಬು ಜೇನು ಇಳಿಸುವವನು. ಕಾಡಿನೊಳಗಿನ ಜೇನುಪಾರೆ ಎಂಬ ಬಂಡೆಯ ನೆತ್ತಿಯಿಂದ ಇಳಿಬಿಟ್ಟ ಏಣಿಯಲ್ಲಿ ಇಳಿದು, ಬಂಡೆಯ ಹೊಟ್ಟೆಗೆ ಕಟ್ಟಿದ ಜೇನುಹುಟ್ಟು ಕೊಯ್ಯಬೇಕು. ಮೇಲೆ ಕೂತು ಏಣಿ ಕಾಯುವವನು ಹೆಂಡತಿಯ ಅಣ್ಣನೋ ತಮ್ಮನೋ ಆಗಿರಲೇಬೇಕು. ಬೇರೆ ಯಾರ ಮೇಲೂ ಭರವಸೆ ಇಲ್ಲ. ತಂಗಿ ಮುಂಡೆಯಾಗಲಿ ಎಂದು ಯಾವ ಅಣ್ಣನೂ ಬಯಸುವುದಿಲ್ಲವಲ್ಲ. ಹಾಗಾಗಿ ಬಾಬು ಇಳಿದಾಗಲೆಲ್ಲ ಮೇಲೆ ಕೂರುತ್ತಿದ್ದವನು ಶೀಜಳ ಅಣ್ಣ ಮಾರನ್.

ಏಣಿ ಮೊದಲು ಬಳ್ಳಿಯದು. ಈ ಸಲ ಹೊಸದು ಬಂದಿತ್ತು. ರಸ್ತೆ ಬದಿಯ ಶೆಡ್ಡಿನಲ್ಲಿ ಹೆಂಗಸರ ಸಂಘದವರು ಬಾಳೆನಾರಿಗೆ ರೆಸಿನ್ ಎಂಬ ಅಂಟು ಕುಡಿಸಿ ಗಟ್ಟಿ ಕೋಲು ಮಾಡುತ್ತಿದ್ದರು. ಶೀಜಳೂ ಅಲ್ಲೇ ಕೆಲಸಕ್ಕಿದ್ದಳು. ಅಂಥ ಕೋಲುಗಳನ್ನು ಹಗ್ಗಕ್ಕೆ ಜೋಡಿಸಿ ಮಾಡಿದ ಹಗುರ ಏಣಿಯನ್ನು ಕಲ್ಪೆಟ್ಟದಿಂದ ಬರುವ ಸಾಹೇಬರಿಗೆ ಹಗಲಲ್ಲೇ ಇಳಿದು ತೋರಿಸಬೇಕೆಂದು ಏರ್ಪಾಡಾಗಿತ್ತು. ಅವರು ಬರುವ ಮುಂಚೆ ಒಮ್ಮೆ ನೋಡೋಣವೆಂದು ಬಾಬು ಇಳಿದ. ಏಣಿ ಇಡಿಯಾಗಿ ನೇತು ಬಿದ್ದಿದ್ದ ಮೇಲಿನ ಅಡ್ಡಕೋಲು ನಡುವೆ ಮುರಿಯಿತು. ಬಾಬುವಿನ ಹೆಣವನ್ನು ಕೆಳಗಿನ ತೊರೆಯಿಂದ ಎತ್ತಿ ತಂದರು.

"ನಿನ್ನೆ ಪೊಲೀಸ್ನವ್ರು ಬಂದ್ರು. ಅಣ್ಣ ಎದ್ದು ನಿಂತು, 'ನಾನೇ ಕತ್ತೀಲಿ ಕಡ್ದೆ' ಅಂದ್ಬಿಟ್ಟ. ಅವ್ವ, ಅವ್ನು ಕೋಳಿ ಕುಯ್ಯೋಕೂ ಮುಖ ತಿರುಗಿಸ್ತಾನೆ!"

"ಅವರಿಬ್ಬರಿಗೆ ಜಗಳ ಇತ್ತಾ?"

ಶೀಜ ತಲೆ ತಗ್ಗಿಸಿದಳು. "ಇತ್ತು. ಹೊಸ ಏಣಿ ಬೇಡ, ಬಳ್ಳಿದೇ ಇರ್ಲಿ ಅಂತ ಅಣ್ಣ. ಶೆಡ್ಡಲ್ಲಿ ಎಲ್ಲಾರ ಮುಂದೆ ಕೂಗಾಡ್ದ. 'ಇದ್ರಲ್ಲಿ ಇಳಿದ್ರೆ ಸತ್ತೋಗ್ತೀಯ' ಅಂದ. ಅದ್ನೇ ಎಲ್ಲಾರೂ ಪೊಲೀಸ್ಗೆ ಹೇಳವ್ರೆ."

ಅತ್ತೆ ಎದ್ದು ಸೀರೆಯ ಸೆರಗು ಸಿಕ್ಕಿಸಿಕೊಂಡರು. "ಇವತ್ತು ಕೋರ್ಟಿಗೆ ಕರೆದುಕೊಂಡು ಹೋಗ್ತಾರೆ. ಠಾಣೆಯಲ್ಲಿ ಹೇಳಿದ್ದು ಗಾಳಿಗೆ ಹೇಳಿದ ಹಾಗೆ, ಆಮೇಲೆ ಇಲ್ಲ ಅನ್ನಬಹುದು. ಮ್ಯಾಜಿಸ್ಟ್ರೇಟರ ಮುಂದೆ ಬಾಯಿಬಿಟ್ಟನೋ, ಅದನ್ನು ಅಳಿಸೋಕೆ ಯಾರ ಕೈಯಲ್ಲೂ ಆಗಲ್ಲ. ಸಿದ್ದೇಶ, ಆ ಲೋಟ ಕೆಳಗಿಡು, ಹೊರಡು."

*

ಠಾಣೆಯ ಎಸ್‌ಐ ಲತಿಕ ಕೆಟ್ಟವರಲ್ಲ, ಆದರೆ ಕೆಲಸ ಮುಗಿದ ಖುಷಿ ಅವರ ಮುಖದಲ್ಲಿ ಕಾಣುತ್ತಿತ್ತು. ಅತ್ತೆಯನ್ನು ನೋಡಿ ಅದು ಸ್ವಲ್ಪ ಇಳಿಯಿತು.

"ಚೇಚಿ," ಎಂದು ಅಕ್ಕನನ್ನು ಕರೆಯುವಂತೆ ಮಲಯಾಳದಲ್ಲಿ ಕರೆದರು. "ಇದರಲ್ಲಿ ಪತ್ತೆ ಮಾಡೋಕೆ ಏನೂ ಇಲ್ಲ. ಅವನೇ ಒಪ್ಪಿಕೊಂಡಿದ್ದಾನೆ, ಕತ್ತಿ ಸಿಕ್ಕಿದೆ, ಕೋಲಿನ ಮೇಲೆ ಕಡಿದ ಗುರುತೂ ಇದೆ."

"ನೋಡಬಹುದಾ? ಮುಟ್ಟೋದಿಲ್ಲ."

ಲತಿಕ ಕೋಲಿನ ಎರಡು ತುಂಡುಗಳನ್ನೂ ಮೇಜಿನ ಮೇಲಿಡಿಸಿದರು. ತೋಳಿನ ದಪ್ಪ. ಹೊರಗೆಲ್ಲ ನಾರಿನ ಬಟ್ಟೆ ಸುತ್ತಿ ಅಂಟು ಹಚ್ಚಿದ್ದರಿಂದ ನುಣ್ಣಗೆ ಹೊಳೆಯುತ್ತಿತ್ತು. ಮುರಿದ ಬಾಯಿಯನ್ನು ನೋಡಲು ಸಿದ್ದೇಶ್ ಬಗ್ಗಿದ. ಒಂದು ತುಂಡಿನಿಂದ ಗೇಣುದ್ದದ ನಾರುಗಳು ಬಾಚದ ಕೂದಲಿನ ಹಾಗೆ ನೇತಾಡುತ್ತಿದ್ದವು. ಇನ್ನೊಂದು ತುಂಡಿನ ಅಂಟಿನಲ್ಲಿ ಸೂಜಿ ಚುಚ್ಚಿ ತೆಗೆದಂಥ ತೂತುಗಳು. ನಾರಿದ್ದ ತುಂಡಿನ ಅಂಚಿನಲ್ಲಿ, ಬೆರಳಿನ ಅರ್ಧದಷ್ಟು ಆಳಕ್ಕೆ ಓರೆಯಾಗಿ ಕತ್ತಿಯ ಏಟು ಬಿದ್ದಿತ್ತು.

"ಎರಡನ್ನೂ ಜೋಡಿಸಿ ಹಿಡೀರಿ," ಎಂದರು ಅತ್ತೆ. ಕಾನ್‌ಸ್ಟೇಬಲ್ ಕೈಗವಸು ಹಾಕಿಕೊಂಡು ಜೋಡಿಸಿ ಹಿಡಿದ. ಕತ್ತಿಯ ಗುರುತು ಒಂದು ತುಂಡಿನ ಮೇಲೆ ಓಡಿ ಬಂದು ಮುರಿದ ಗೆರೆಯ ಹತ್ತಿರ ನಿಂತುಬಿಟ್ಟಿತ್ತು. ಆಚೆ ತುಂಡು ಹೊಸದರ ಹಾಗೆ ನುಣುಪಾಗಿತ್ತು. ಅತ್ತೆ ಬಗ್ಗಿ, ನೇತಾಡುವ ನಾರಿಗೆ ಮೂಗು ಹತ್ತಿರ ತಂದು ಮೂಸಿದರು. ಮತ್ತೆ ಮೂಸಿದರು. ಸಿದ್ದೇಶನನ್ನೂ ಕರೆದರು.

"ಏನು ವಾಸನೆ?"

"ಏನೂ ಇಲ್ಲ ಅತ್ತೆ. ಸ್ವಲ್ಪ ಅಂಟಿನ ಘಾಟು."

"ನಿನ್ನ ಮೂಗನ್ನು ಡೀಸೆಲ್‌ಗೆ ಬರೆದುಕೊಟ್ಟಿದ್ದೀಯ," ಎಂದು ಗೊಣಗಿ, ಅವರು ಮಾರನ್ ಇದ್ದ ಕೋಣೆಯ ಕಡೆ ನಡೆದರು.

ಮಾರನ್ ಗೋಡೆಗೆ ಒರಗಿ ಕೂತಿದ್ದ. ಎರಡೂ ಕೈಗಳನ್ನು ಮುಷ್ಟಿ ಮಾಡಿ ಕಂಕುಳಲ್ಲಿ ಅವುಚಿಕೊಂಡಿದ್ದ. ಕಾನ್‌ಸ್ಟೇಬಲ್ ಚಹಾ ಕೊಟ್ಟರೆ ನೆಲದ ಮೇಲಿಡಲು ಗಲ್ಲದಿಂದ ಸನ್ನೆ ಮಾಡಿದ. ಚಹಾ ಅಲ್ಲೇ ಆರಿತು.

"ಯಾವಾಗ ಕಡಿದೆ ಮಾರನ್?"

"ಅವ್ನು ಇಳೀತಿರ್ಬೇಕಾದ್ರೆ."

"ಎಷ್ಟು ಏಟು?"

"ಒಂದೇ."

"ಒಂದೇ ಏಟಿಗೆ ಮುರೀತಾ? ಅಷ್ಟು ಗಟ್ಟಿ ಕೋಲು?"

ಅವನು ಅತ್ತೆಯ ಬೆನ್ನ ಹಿಂದೆ ಶೀಜ ಬಂದಿದ್ದಾಳೇನೋ ಎಂದು ಕಣ್ಣು ಹಾಯಿಸಿದ. ಇಲ್ಲವೆಂದು ಖಾತ್ರಿಯಾದ ಮೇಲೆ ಪಿಸುಗುಟ್ಟಿದ. "ಅವ್ವ, ನಿಮ್ಗೆ ಕೈ ಮುಗೀತೀನಿ. ಶೀಜನ್ನ ಇಲ್ಲಿ ಕರ್ಕೊಂಡು ಬರ್ಬೇಡಿ. ಆ ಕೋಲು ಅವ್ಳಿಗೆ ತೋರಿಸ್ಬೇಡಿ. ನನ್ನ ಒಳಗೆ ಹಾಕ್ಲಿ, ಮುಗೀಲಿ." ಕೈ ಮುಗೀತೀನಿ ಎಂದನೇ ಹೊರತು, ಕೈ ಕಂಕುಳಿನಿಂದ ಹೊರಗೆ ಬರಲಿಲ್ಲ.

ಹೊರಗೆ ಬಂದು ಅತ್ತೆ ಲತಿಕರಿಗೆ, "ಮಧ್ಯಾಹ್ನದ ತನಕ ಕೋರ್ಟಿಗೆ ಕರೆದುಕೊಂಡು ಹೋಗಬೇಡ ಮಗಳೇ. ಮಧ್ಯಾಹ್ನ ಅವನನ್ನು ಶೆಡ್ಡಿನ ಹತ್ತಿರ ಕರೆದುಕೊಂಡು ಬಾ. ನಾನು ತಪ್ಪಿದ್ದರೆ ಇನ್ನು ಮೇಲೆ ನಿನ್ನ ಠಾಣೆಯ ಮೆಟ್ಟಿಲು ಹತ್ತಲ್ಲ," ಎಂದರು. ಆ ಆಸೆಗೋ ಏನೋ, ಲತಿಕ ಒಪ್ಪಿದರು.

*

ಶೆಡ್ಡನ್ನು ನೋಡಿಕೊಳ್ಳುತ್ತಿದ್ದವನು ಸುಮೇಶ್. ಎಂಜಿನಿಯರಿಂಗ್ ಓದಿದವನು, ಬಟನ್ ಹಾಕಿದ ಅಂಗಿ, ಚುರುಕು ಮಾತು. ಅವನು ಮಲಯಾಳದಲ್ಲೇ ಮಾತಾಡಿದ, ಅತ್ತೆ ಕನ್ನಡದಲ್ಲೇ ಕೇಳಿದರು. ಈ ಗಡಿಯಲ್ಲಿ ಅದಕ್ಕೆ ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ.

"ನಮ್ಮ ಕೋಲಿನಲ್ಲಿ ದೋಷವೇ ಇಲ್ಲ ಅಮ್ಮ. ನೋಡಿ, ನಾರು ಎಳೆತ ತಡೆಯುತ್ತದೆ. ಆದರೆ ನಾರು ಒಂಟಿಯಾಗಿ ಏನೂ ಮಾಡಲಾರದು. ಒಂದು ನಾರಿನ ಮೇಲೆ ಬಿದ್ದ ಭಾರವನ್ನು ಪಕ್ಕದ ನಾರಿಗೆ ದಾಟಿಸುವುದು ಅಂಟು. ಎರಡೂ ಮೈಗೆ ಮೈ ಕಚ್ಚಿಕೊಂಡಿದ್ದರೆ ಕೋಲು ಆನೆಯನ್ನೂ ತಡೆಯುತ್ತದೆ."

"ಕಚ್ಚಿಕೊಳ್ಳದೆ ಹೋದರೆ?"

"ಅದಕ್ಕೇ ನಾರನ್ನು ಕಾಸ್ಟಿಕ್ ಸೋಡಾ ಹಾಕಿದ ನೀರಿನಲ್ಲಿ ತೊಳೆಸುತ್ತೇನೆ. ಬಾಳೆನಾರಿನ ಮೇಲೆ ಹುಟ್ಟಿನಿಂದಲೇ ಒಂದು ಜಿಡ್ಡಿರುತ್ತದೆ. ಜಿಡ್ಡಿದ್ದರೆ ಅಂಟು ಕೂರುವುದಿಲ್ಲ."

"ಯಾಕೆ ತೊಳೀಬೇಕು ಅಂತ ಈ ಹೆಂಗಸರಿಗೆ ಹೇಳಿದ್ದೀರಾ?"

ಸುಮೇಶ್ ನಕ್ಕ. "ಅವರಿಗೆ ಅದೆಲ್ಲ ಯಾಕೆ? ತೊಳೆಯಿರಿ ಎಂದರೆ ತೊಳೆಯುತ್ತಾರೆ."

ಮೂಲೆಯಲ್ಲಿ ನಾರಾಯಣಿ ಎಂಬ ಹಿರಿಯ ಹೆಂಗಸು ಕಬ್ಬಿಣದ ಅಚ್ಚಿನ ಒಳಮೈಗೆ ಡಬ್ಬಿಯಿಂದ ಬಿಳಿ ಮೇಣ ತೆಗೆದು ತಿಕ್ಕುತ್ತಿದ್ದಳು. ಅದೇಕೆಂದು ಅತ್ತೆ ಕೇಳಿದಾಗ, "ಕೋಲು ಚೆಂದಾಗಿ ಬರ್ಲಿ ಅಂತ ಅವ್ವ. ಸಾರ್ ಹೇಳವ್ರೆ," ಎಂದಳು. ಅತ್ತೆ ಡಬ್ಬಿ ಮೂಸಿ, ಸಿದ್ದೇಶನಿಗೂ ಮೂಸಲು ಕೊಟ್ಟರು. ಸೀಮೆಎಣ್ಣೆಯಂಥ ವಾಸನೆ. ಸಿದ್ದೇಶನ ತಲೆಯಲ್ಲಿ ದೀಪ ಹತ್ತಿತು. ಈ ಮೇಣವನ್ನು ಯಾರೋ ಬೇಕೆಂದೇ ನಾರಿಗೆ ಹಚ್ಚಿದ್ದಾರೆ! ಅವನು ಕಣ್ಣಲ್ಲೇ ಸುಮೇಶನನ್ನು ತೋರಿಸಿದ. ಅತ್ತೆ ತಲೆ ಅಲ್ಲಾಡಿಸಿದರು.

"ನಾರು ಬಾಚೋದು ಎಲ್ಲಿ ನಾರಾಯಣಿ?"

"ತೊಳ್ದು ಒಣಗಿದ್ಮೇಲೆ ಅವ್ರವ್ರ ಕಟ್ಟು ಮನೆಗೆ ತಗೊಂಡು ಹೋಗ್ತೀವಿ. ಬಾಚಿ ತರ್ತೀವಿ. ಯಾವ ಕಟ್ಟು ಯಾವ ಕೋಲಿಗೆ ಅಂತ ಮೊದ್ಲೇ ಗೊತ್ತಿರುತ್ತೆ. ಅಚ್ಚಿಗೆ ಹಾಕಿ ಅಂಟು ಕುಡಿಸೋದು ಸಾರೇ."

ಸಿದ್ಧವಾದ ಕೋಲುಗಳು ಗೋಡೆಗೆ ಒರಗಿದ್ದವು. ಒಂದೊಂದರ ನಡುವೆಯೂ ಸರಪಳಿ ಒತ್ತಿದ ಜಜ್ಜುಗುರುತು. ಭಾರ ತೂಗುಹಾಕಿ ಪರೀಕ್ಷೆ ಮಾಡಿದಾಗ ಬೀಳುವ ಗುರುತು ಅದು ಎಂದ ಸುಮೇಶ್. ಬಾಬುವಿನ ಅಡ್ಡಕೋಲನ್ನೂ ತಾನೇ ಕೈಯಾರೆ ತೂಗುಹಾಕಿ ನೋಡಿದ್ದೆ ಎಂದು ಆಣೆ ಮಾಡಿದ. ಅತ್ತೆ ಆಣೆಗೆ ಹೂಂಗುಟ್ಟಿ, ಅಂಟು ಕಲಸುವ ಬಕೆಟ್ಟುಗಳನ್ನು ಬಗ್ಗಿ ನೋಡುತ್ತ ಹೋದರು. ಎಲ್ಲದರ ತಳದಲ್ಲೂ ತೆಳ್ಳನೆ ಹಳದಿ ಸಿಪ್ಪೆ. ಕೊನೆಯದರಲ್ಲಿ ಮಾತ್ರ ಅಂಗೈ ದಪ್ಪದ ಗಟ್ಟಿ ಅಂಟು ಕಲ್ಲಾಗಿ ಕೂತಿತ್ತು.

"ಇದು ಯಾವುದರದು?"

"ಅದು... ಕೊನೆಯ ಕೋಲಿನದು. ಬಾಬುವಿನದು. ಸ್ವಲ್ಪ ಜಾಸ್ತಿ ಕಲಸಿದ್ದೆ."

"ಒಂದು ಒಳ್ಳೆಯ ಕೋಲು ಮುರಿದು ತೋರಿಸಿ," ಎಂದರು ಅತ್ತೆ.

ಎರಡು ಕಲ್ಲಿನ ಮೇಲೆ ಕೋಲಿಟ್ಟು ಸಿದ್ದೇಶ್ ಹತ್ತಿ ಕುಣಿದ. ಕೋಲು ಜಪ್ಪಯ್ಯ ಅನ್ನಲಿಲ್ಲ. ಕೊನೆಗೆ ಜೀಪಿನ ಚಕ್ರ ಹತ್ತಿಸಿದಾಗ ಪಟಾಕಿಯಂತೆ ಸದ್ದು ಮಾಡಿ ತುಂಡಾಯಿತು. ಮುರಿದ ಬಾಯಿಯಲ್ಲಿ ನಾರುಗಳೆಲ್ಲ ಅಂಟಿನ ಮಟ್ಟಕ್ಕೇ ಕಡಿದುಹೋಗಿ, ಎರಡು ದಿನದ ಗಡ್ಡದಷ್ಟೇ ಹೊರಗೆ ಇಣುಕುತ್ತಿದ್ದವು. ನೇತಾಡುವ ಒಂದು ಎಳೆಯೂ ಇರಲಿಲ್ಲ. ಅತ್ತೆ ಬಗ್ಗಿ ಆ ನಾರಿನ ಮೇಲೆ ಬೆರಳಾಡಿಸಿದರು. ಅವರ ಮುಖದಲ್ಲಿ ಗೆದ್ದವರ ಕಳೆಯೇನೂ ಇರಲಿಲ್ಲ.

*

ಅಲ್ಲಿಂದ ಶೀಜಳ ಮನೆಗೆ ಹೋದರು. ಹಳೆಯ ಬಳ್ಳಿ ಏಣಿ ನೋಡಬೇಕು ಎಂದರು ಅತ್ತೆ. ಅದು ಒಲೆಯ ಮೇಲಿನ ಅಟ್ಟದಲ್ಲಿ ಸುರುಳಿಯಾಗಿ ಮಲಗಿತ್ತು. ಶೀಜ ಇಳಿಸಿ ತೊಡೆಯ ಮೇಲೆ ಇಟ್ಟುಕೊಂಡಳು. ಹೊಗೆಗೆ ಕಪ್ಪಾಗಿದ್ದರೂ ಬಳ್ಳಿ ಚರ್ಮದಂತೆ ಮೆತ್ತಗೆ, ನೀರು ಹನಿಸಿದರೆ ಜಾರಿಹೋಗುವಂತೆ ಮಿರುಗುತ್ತಿತ್ತು.

"ಇಷ್ಟು ನುಣುಪು ಹೇಗೆ ಬಂತು?" ಅತ್ತೆಯ ದನಿ ಮೆಲ್ಲಗಿತ್ತು.

"ನಮ್ಮಮ್ಮ ಕಲ್ಸಿದ್ದು. ಜೇನುಮೇಣ ಒಲೆ ಹತ್ರ ಕರಗ್ಸಿ, ಒಂದೊಂದು ಎಳೆಗೂ ಕೈಯಲ್ಲೇ ತಿಕ್ಬೇಕು. ಮಳೆ ಹಿಡಿಯಲ್ಲ, ಹುಳ ಹೊಡಿಯಲ್ಲ, ಬಿರಿಯಲ್ಲ. ಕಾಯೋನು ಅಣ್ಣ, ಮೇಣ ಹಚ್ಚೋಳು ಹೆಂಡ್ತಿ. ಬೇರೆಯೋರ ಕೈ ತಾಗ್ಬಾರ್ದು." ಏಣಿಯನ್ನು ಮಗುವಿನ ತಲೆ ಸವರುವಂತೆ ಸವರಿದಳು. ಆಮೇಲೆ ಮುಖ ಎತ್ತಿ, "ಅಣ್ಣ ಬಿಡುಗಡೆ ಆಗ್ತಾನಾ ಅವ್ವ?" ಎಂದು ಕೇಳಿದಳು.

"ಆಗ್ತಾನೆ," ಎಂದರು ಅತ್ತೆ. ಎದ್ದು ಹೊರಗೆ ಬಂದವರು ಜೀಪಿನ ಬಾಗಿಲು ಹಿಡಿದುಕೊಂಡು ನಿಂತುಬಿಟ್ಟರು. ಡೀಸೆಲ್‌ಗೆ ಬರೆದುಕೊಟ್ಟ ಸಿದ್ದೇಶನ ಮೂಗಿಗೂ ಈಗ ಆ ವಾಸನೆ ಹತ್ತಿತ್ತು.

"ಅತ್ತೆ, ಬೇಡ! ಹೇಳಬೇಡಿ. ಸುಮೇಶನ ಡಬ್ಬಿಯ ಮೇಣ ತಾಗಿತ್ತು ಅನ್ನಿ. ತಪ್ಪು ಹೇಗೂ ಅವನದೂ ಇದೆ. ಈ ಹುಡುಗಿಗೆ ಗೊತ್ತಾದರೆ ಬದುಕಿಯಾಳಾ?"

"ಹಾಗೆ ಹೇಳಿದರೆ ಲತಿಕ ಕೋಲನ್ನು ಲ್ಯಾಬಿಗೆ ಕಳಿಸ್ತಾಳೆ. ಅಲ್ಲಿ ಜೇನುಮೇಣ ಅಂತ ಬರುತ್ತೆ. ಜೇನುಮೇಣ ಯಾರ ಮನೇಲಿರುತ್ತೆ? ಮಾರನ್ ಮನೇಲೂ ಇರುತ್ತೆ. ಆಗ ಅವನು 'ಹೌದು, ನಾನೇ ಹಚ್ಚಿದೆ' ಅಂತಾನೆ. ಸಿದ್ದೇಶ, ಅವನು ಜೈಲಿಗೆ ಹೋಗೋಕೆ ದಾರಿ ಹುಡುಕ್ತಿದ್ದಾನೆ. ಒಂದು ಬಾಗಿಲು ಮುಚ್ಚಿದರೆ ಇನ್ನೊಂದರಲ್ಲಿ ನುಗ್ತಾನೆ."

"ಹಾಗಾದರೆ ಅವಳೊಬ್ಬಳನ್ನೇ ಕೂರಿಸಿಕೊಂಡು ಹೇಳಿ."

"ಹೇಳಿದೆ ಅಂದುಕೋ. ಅವಳು ನಂಬ್ತಾಳಾ? ಅಣ್ಣ ಎದುರಿಗಿದ್ದು ಅಲ್ಲ ಅನ್ನೋಕಾಗದೆ ನಿಂತರೆ ಮಾತ್ರ ನಂಬ್ತಾಳೆ." ಅತ್ತೆ ಕಣ್ಣೊರೆಸಿಕೊಂಡರು. ಅವರು ಕಣ್ಣೊರೆಸಿಕೊಂಡದ್ದನ್ನು ಸಿದ್ದೇಶ್ ಅದುವರೆಗೆ ನೋಡಿರಲಿಲ್ಲ. ಅವನು ಜೀಪು ಹತ್ತಿ ಕೀಲಿ ತಿರುಗಿಸಿದ.

*

ಮಧ್ಯಾಹ್ನ ಎಲ್ಲರೂ ಶೆಡ್ಡಿನಲ್ಲಿ ಸೇರಿದರು. ಲತಿಕ ಮೇಜಿನ ಮೇಲೆ ತುಂಡುಗಳನ್ನಿಟ್ಟು ಮೇಲೆ ಗೋಣಿ ಮುಚ್ಚಿಸಿದ್ದರು. ಮಾರನ್ ಇಬ್ಬರು ಪೊಲೀಸರ ನಡುವೆ ನಿಂತಿದ್ದ. ತಂಗಿಯನ್ನು ನೋಡಿದ ಕೂಡಲೇ ಅವನ ಮುಖ ಬಿಳಿಚಿಕೊಂಡಿತು. ಸುಮೇಶ್ ಗಡಿಯಾರ ನೋಡಿಕೊಳ್ಳುತ್ತಿದ್ದ. ನಾರಾಯಣಿ ಶೀಜಳ ಭುಜ ಹಿಡಿದುಕೊಂಡು ಕೂತಿದ್ದಳು.

"ಮೊದಲು ಕತ್ತಿಯ ವಿಷಯ," ಎಂದು ಅತ್ತೆ ಶುರು ಮಾಡಿದರು. "ಕೋಲು ಒಂದಾಗಿದ್ದಾಗ ಕಡಿದಿದ್ದರೆ ಗುರುತು ಎರಡು ತುಂಡಿನ ಮೇಲೂ ಇರಬೇಕಿತ್ತು. ಲತಿಕಾ, ಜೋಡಿಸಿದಾಗ ನೀನೇ ನೋಡಿದೆ. ಗುರುತು ಒಂದೇ ತುಂಡಿನಲ್ಲಿದೆ, ಮುರಿದ ಗೆರೆಗೆ ಬಂದು ನಿಲ್ಲುತ್ತೆ. ಅಂದರೆ ಮುರಿದ ಮೇಲೆ, ಕೈಯಲ್ಲಿ ಉಳಿದ ತುಂಡಿಗೆ ಕತ್ತಿ ಹಾಕಿದ್ದು. ಕೊಲೆಗಾರ ತನ್ನ ಗುರುತು ಅಳಿಸ್ತಾನೆ. ಇವನು ಇಲ್ಲದ ಗುರುತು ಮಾಡಿದ್ದಾನೆ. ಮಾರನ್, ಕೈ ತೋರಿಸು."

"ತೋರ್ಸಲ್ಲ."

"ತೋರಿಸಪ್ಪ."

ಲತಿಕ ಅವನ ಮಣಿಕಟ್ಟು ಹಿಡಿದು ಮೆಲ್ಲಗೆ ಬಿಡಿಸಿದರು. ಎರಡೂ ಅಂಗೈಗಳ ಚರ್ಮ ಕಿತ್ತು ಹಸಿ ಮಾಂಸ ಕಾಣುತ್ತಿತ್ತು. ಶೀಜ ಚೀರಿದಳು.

"ಏಣಿಯ ಹಗ್ಗ ಜಾರಿದಾಗ ಬರಿಗೈಯಲ್ಲಿ ಹಿಡಿದ ಕೈ ಇದು," ಎಂದರು ಅತ್ತೆ. "ಚರ್ಮ ಹೋಗೋ ತನಕ ಬಿಟ್ಟಿಲ್ಲ. ಬಾಬುನ ಕೊಲ್ಲೋಕೆ ಹೊರಟವನು ಬಾಬುನ ಹಿಡಿದುಕೊಳ್ತಾನಾ?"

ಲತಿಕ ಆ ಕೈಗಳನ್ನೇ ನೋಡುತ್ತ, "ಹಾಗಾದರೆ ಕೋಲು ಯಾಕೆ ಮುರೀತು?" ಎಂದರು.

ಅತ್ತೆ ಜೀಪಿನಡಿ ಮುರಿದ ಕೋಲನ್ನು ಎತ್ತಿ ತೋರಿಸಿದರು. "ಇದರಲ್ಲಿ ನಾರಿಗೂ ಅಂಟಿಗೂ ಹಿಡಿತ ಇದೆ. ಸಾಯೋ ತನಕ ಒಂದನ್ನೊಂದು ಬಿಟ್ಟಿಲ್ಲ. ಅದಕ್ಕೇ ನಾರು ಅಂಟಿನ ಮಟ್ಟಕ್ಕೇ ಕಡಿದಿದೆ. ಬಾಬುವಿನ ಕೋಲಿನಲ್ಲಿ ನಾರು ಕಡಿದೇ ಇಲ್ಲ. ಉದ್ದಕ್ಕೆ ಇಡಿಯಾಗಿ ಜಾರಿ ಈಚೆ ಬಂದಿದೆ. ಆಚೆ ತೂತು ಮಾತ್ರ ಉಳಿದಿದೆ. ಒಳಗೆ ಅಂಟು ನಾರನ್ನು ಹಿಡಿದೇ ಇರಲಿಲ್ಲ. ಹೊರಗೆ ಸುತ್ತಿದ ಬಟ್ಟೆ ಒಂದೇ ಅಷ್ಟು ಹೊತ್ತು ಭಾರ ಹೊತ್ತಿತ್ತು. ಸುಮೇಶ್, ಇದು ನಿಮಗೆ ಅಚ್ಚಿಗೆ ಹಾಕುವಾಗಲೇ ಗೊತ್ತಾಗಿತ್ತು."

"ನನಗೆ ಹೇಗೆ ಗೊತ್ತಾಗುತ್ತದೆ?"

"ಎಲ್ಲ ಕೋಲಿಗೂ ಒಂದೇ ಅಳತೆಗೆ ಅಂಟು ಕಲಸ್ತೀರಿ. ಎಲ್ಲ ಬಕೆಟ್ಟಿನಲ್ಲೂ ಸಿಪ್ಪೆ ಮಾತ್ರ ಉಳಿದಿದೆ. ಇದೊಂದರಲ್ಲಿ ಇಷ್ಟು ದಪ್ಪ ಉಳೀತು. ನಾರು ಅಂಟು ಕುಡೀಲಿಲ್ಲ. ಕುಡಿಸಿದವರು ನೀವೇ, ಕಣ್ಣಾರೆ ನೋಡಿದ್ದೀರಿ. ಮಾರನೆ ದಿನ ಸಾಹೇಬರು ಬರೋರಿದ್ದರು, ಇನ್ನೊಂದು ಮಾಡೋಕೆ ಹೊತ್ತಿರಲಿಲ್ಲ. ಅಚ್ಚು ಮುಚ್ಚಿಬಿಟ್ಟಿರಿ. ತೂಗುಹಾಕಿ ನೋಡಿದೆ ಅಂತ ಆಣೆ ಮಾಡಿದಿರಿ. ತೂಗಿದ ಕೋಲಿಗೆಲ್ಲ ನಡುವೆ ಸರಪಳಿ ಗುರುತಿದೆ. ಬಾಬುವಿನ ಕೋಲಿನ ಎರಡು ತುಂಡಲ್ಲಿ ಎಲ್ಲಿದೆ ತೋರಿಸಿ."

ಸುಮೇಶ್ ಮುಖ ಮುಚ್ಚಿಕೊಂಡು ಬೆಂಚಿನ ಮೇಲೆ ಕೂತ. "ಒಂದು ಸಲಕ್ಕೆ ತಡೆಯುತ್ತದೆ ಅಂದುಕೊಂಡೆ. ಒಂದೇ ಒಂದು ಸಲಕ್ಕೆ," ಎಂದ.

ಶೀಜ ಎದ್ದು ನಿಂತಳು. "ಹಂಗಾದ್ರೆ ಅಣ್ಣ ಯಾಕೆ ತಪ್ಪು ಒಪ್ಕೊಂಡ? ನಾರು ಯಾಕೆ ಅಂಟು ಕುಡೀಲಿಲ್ಲ?"

"ಸಾಕು ಅವ್ವ!" ಮಾರನ್ ಪೊಲೀಸರನ್ನು ತಳ್ಳಿಕೊಂಡು ಮುಂದೆ ಬಂದ. "ಇಷ್ಟಕ್ಕೆ ಸಾಕು. ಸಾರ್ ತಪ್ಪು ಮಾಡವ್ರೆ, ಆಯ್ತಲ್ಲ. ಮೇಣ ನಾನೇ ಹಚ್ಚಿದ್ದು. ನಾನೇ! ಬರ್ಕೊಳ್ಳಿ ಮೇಡಂ."

'ಮೇಣ' ಎಂಬ ಮಾತನ್ನು ಅದುವರೆಗೆ ಅಲ್ಲಿ ಯಾರೂ ಎತ್ತಿರಲಿಲ್ಲ. ಅತ್ತೆ ಮುಂದೆ ಏನೂ ಹೇಳಬೇಕಾಗಲಿಲ್ಲ. ಆದರೂ ಶೀಜ ಅವರ ಕಡೆಗೇ ತಿರುಗಿದಳು.

"ಹೇಳಿ ಅವ್ವ."

ಅತ್ತೆ ಹೇಳಿದರು. ಕೋರ್ಟಿನಲ್ಲಿ ಮಾತು ದಾಟಿಸುವಾಗ ಇರುತ್ತಿದ್ದ ಅದೇ ನಿಧಾನದ ದನಿ. "ನಾರಾಯಣಿ ದಿನಾ ಅಚ್ಚಿಗೆ ಮೇಣ ತಿಕ್ಕೋದು ಕೋಲು ಚೆಂದ ಬರಲಿ ಅಂತಲ್ಲ. ಅಂಟು ಅಚ್ಚಿಗೆ ಹಿಡೀದಿರಲಿ ಅಂತ. ಮೇಣ ಇದ್ದ ಕಡೆ ಅಂಟು ಕೂರಲ್ಲ. ಅದನ್ನು ನಿಮಗ್ಯಾರಿಗೂ ಯಾರೂ ಹೇಳಲಿಲ್ಲ. ಮುರಿದ ಕೋಲಿನ ನಾರಿಗೆ ಡಬ್ಬಿಯ ವಾಸನೆ ಇರಲಿಲ್ಲ. ಜೇನುಮೇಣದ ವಾಸನೆ ಇತ್ತು, ಒಲೆಯ ಹೊಗೆ ಬೆರೆತದ್ದು. ಕೋಲು ಮುರಿದಾಗ ಮಾರನ್ ಕೈಗೆ ನಾರು ಬಂತು. ಜಿಡ್ಡು ತಾಗಿತು, ವಾಸನೆ ಬಂತು. ಅದು ಯಾರ ಕೈಯದು ಅಂತ ಅವನಿಗೆ ಆಗಲೇ ಗೊತ್ತಾಯಿತು. ಬಾಬು ಬಿದ್ದಿದ್ದು ನೋಡಿ, ಅಲ್ಲೇ ನಿಂತು, ಕತ್ತಿ ತೆಗೆದು ಒಂದು ಏಟು ಹಾಕಿದ. ನೀನು ಮುಂದೆ ಯಾವತ್ತೂ 'ಯಾಕೆ ಮುರೀತು' ಅಂತ ಕೇಳಬಾರದು ಅಂತ."

ಶೀಜ ಮೇಜಿನ ಹತ್ತಿರ ಹೋದಳು. ಗೋಣಿ ಸರಿಸಿದಳು. ಲತಿಕ ತಡೆಯಲು ಕೈ ಚಾಚಿ, ಚಾಚಿದ ಕೈಯನ್ನು ಹಿಂದಕ್ಕೆ ತೆಗೆದುಕೊಂಡರು. ನೇತಾಡುವ ನಾರಿನ ಒಂದು ಎಳೆಯನ್ನು ಶೀಜ ಎರಡು ಬೆರಳಲ್ಲಿ ಹಿಡಿದು ಉದ್ದಕ್ಕೆ ಎಳೆದಳು. ಅದು ಅವಳಿಗೆ ಚೆನ್ನಾಗಿ ಗೊತ್ತಿದ್ದ ಜಿಡ್ಡು.

"ಇದು ಎಲ್ಲಾಕ್ಕಿಂತ ಮೇಲಿನ ಕೋಲು," ಎಂದಳು. ಯಾರಿಗೆ ಹೇಳಿದಳೋ. "ಅದಕ್ಕೇ ಹಚ್ಚಿದೆ. ಬೇರೆದಕ್ಕೆ ಹಚ್ಲಿಲ್ಲ. ಅವನ ಜೀವ ಇದ್ರ ಮೇಲೆ ಇರುತ್ತಲ್ಲ ಅಂತ ಇದಕ್ಕೊಂದಕ್ಕೆ ಹಚ್ಚಿದೆ."

ಅವಳು ಅಳಲಿಲ್ಲ. ಅತ್ತಿದ್ದರೆ ಸಿದ್ದೇಶ್ ತಡೆದುಕೊಳ್ಳುತ್ತಿದ್ದನೇನೋ. ಅವನು ಹೊರಗೆ ಹೋಗಿ ಶೆಡ್ಡಿನ ಗೋಡೆಗೆ ತಲೆ ಆನಿಸಿ ನಿಂತ. ಒಳಗೆ ಲತಿಕ, ಇದರಲ್ಲಿ ಶೀಜಳ ಮೇಲೆ ಯಾವ ಕೇಸೂ ಇಲ್ಲವೆಂದೂ, ಮಾರನ್ ಇವತ್ತೇ ಮನೆಗೆ ಹೋಗಬಹುದೆಂದೂ, ಸುಮೇಶ್ ಠಾಣೆಗೆ ಬರಬೇಕೆಂದೂ ಹೇಳುತ್ತಿದ್ದುದು ಕೇಳಿಸಿತು. ಅದೆಲ್ಲ ಸರಿಯಾದ ಮಾತೇ. ಆದರೆ ಅದರಿಂದ ಯಾರಿಗೂ ಏನೂ ಸಮಾಧಾನವಾದಂತೆ ಅವನಿಗೆ ಅನಿಸಲಿಲ್ಲ.

ಸ್ವಲ್ಪ ಹೊತ್ತಿಗೆ ಅತ್ತೆ ಹೊರಗೆ ಬಂದರು. ಅವರ ಹಿಂದೆ ಶೀಜ ಬಂದಳು. ಅವಳು ನೇರವಾಗಿ ಬಂದು ಅತ್ತೆಯ ಎದುರು ನಿಂತಳು.

"ಒಬ್ಬನ್ನಾದ್ರೂ ಉಳಿಸಿ ಅಂದಿದ್ದೆ. ಉಳಿಸಿದ್ರಿ," ಎಂದಳು. "ಅಣ್ಣ ಹೇಳ್ದಂಗೆ ಬಿಟ್ಟಿದ್ರೆ ನಾನು ಅವ್ನನ್ನ ಬೈಕೊಂಡು ಬದುಕ್ತಿದ್ದೆ. ಇನ್ನು ಯಾರನ್ನ ಬೈಲಿ ಅವ್ವ?"

ಅತ್ತೆ ಅವಳ ಕೈ ಹಿಡಿಯಲು ಹೋದರು. ಶೀಜ ತನ್ನ ಕೈಗಳನ್ನು ಸೆರಗಿನೊಳಗೆ ಎಳೆದುಕೊಂಡಳು.

"ಮುಟ್ಬೇಡಿ," ಎಂದಳು. "ಈ ಕೈನ ಯಾರೂ ಮುಟ್ಬೇಡಿ."

ಮಾರನ್ ಓಡಿ ಬಂದ. ಚರ್ಮ ಕಿತ್ತ ಅಂಗೈಗಳಿಂದಲೇ ತಂಗಿಯ ಎರಡೂ ಕೈಗಳನ್ನು ಸೆರಗಿನಿಂದ ಹೊರಗೆಳೆದು ಬಿಗಿಯಾಗಿ ಹಿಡಿದುಕೊಂಡ. ಅವಳು ಕೊಸರಾಡಿದಳು, ಬೈದಳು, ಅವನ ಎದೆಗೆ ತಲೆಯಿಂದ ಗುದ್ದಿದಳು. ನೋವಿಗೆ ಅವನ ಹಲ್ಲು ಕಚ್ಚಿಕೊಂಡಿತ್ತು, ಆದರೂ ಬಿಡಲಿಲ್ಲ.